ನಿದ್ದೆ ಮಾಡಿ ಎದ್ದ ಮುಖ

ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮುನ್ನ ಶ್ರೀಹರಿ ಬಚ್ಚಲುಮನೆಯ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತುಬಿಟ್ಟನೆಂದರೆ ಹೊರಗಿನಿಂದ ಹೆಂಡತಿ ಕೃಪಾ ಬಾಗಿಲು ತಟ್ಟಬೇಕಾಯಿತು. ಎದುರಿನಿಂದ ನೋಡಿದರೆ ಅಂಥ ವ್ಯತ್ಯಾಸವೇನೂ ಕಾಣುತ್ತಿರಲಿಲ್ಲ. ಕತ್ತನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಕಣ್ಣನ್ನು ಮಾತ್ರ ಕನ್ನಡಿಯಲ್ಲೇ ನಿಲ್ಲಿಸಿದಾಗ, ಹುಬ್ಬುಗಳ ನಡುವಿನಿಂದ ಇಳಿದು ಬರುವಲ್ಲಿ ಇರಬೇಕಾಗಿದ್ದ ಗೂನು ಇರಲಿಲ್ಲ. ನೇರವಾದ ಒಂದು ಗೆರೆ, ತುದಿಯಲ್ಲಿ ಇನ್ನೂ ಇಳಿಯದ ಊತ, ಅಷ್ಟೇ. ನಲವತ್ತು ವರ್ಷ ಆ ಗೂನಿನ ಮೇಲೆ ಬೆರಳಿಟ್ಟುಕೊಂಡೇ ಯೋಚನೆ ಮಾಡಿದವನು ಅವನು. ಈಗ ಬೆರಳಿಟ್ಟರೆ ಬೇರೆ ಯಾರದೋ ಮೂಗನ್ನು ಮುಟ್ಟಿದ ಹಾಗಿತ್ತು, ತುದಿ ಮರಗಟ್ಟಿತ್ತು. ಕೆಲವು ತಿಂಗಳು ಹಾಗೆಯೇ ಇರುತ್ತದೆ ಎಂದು ಆಪರೇಷನ್ ಮಾಡಿದ ತಿರುವನಂತಪುರದ ಡಾಕ್ಟರ್ ನಿರ್ಮಲ ಮೊದಲೇ ಹೇಳಿದ್ದರು. ಅವರು ಎಲ್ಲವನ್ನೂ ಮೊದಲೇ ಹೇಳಿದ್ದರು. ಮೊದಲ ವಾರ ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತದೆ, ಆಗ ಕನ್ನಡಿ ನೋಡಬೇಡಿ. ಬಾಯಲ್ಲೇ ಉಸಿರಾಡಬೇಕು, ಗಂಟಲು ಒಣಗುತ್ತದೆ. ತಲೆಯ ಕೆಳಗೆ ಎರಡು ದಿಂಬು ಇರಲಿ. ಸೀನು ಬಂದರೆ ಬಾಯಿ ತೆರೆದು ಸೀನಿ, ಮೂಗು ಸೀಟಬೇಡಿ. ಕಣ್ಣಿನ ಕೆಳಗೆ ಯಾರೋ ಗುದ್ದಿದಂತೆ ಕಪ್ಪಾಗುತ್ತದೆ, ತಾನಾಗಿ ಹೋಗುತ್ತದೆ. ಮೇಲ್ದುಟಿ ಬಿಗಿದುಕೊಂಡು ಸ್ವಲ್ಪ ದಿನ ನಗು ಸರಿಯಾಗಿ ಬರುವುದಿಲ್ಲ. ಮೂಗು ತನ್ನ ನಿಜವಾದ ಆಕಾರಕ್ಕೆ ಬರಲು ಒಂದು ವರ್ಷವೇ ಬೇಕು. ಇಷ್ಟೆಲ್ಲ ಹೇಳಿ ಮುಗಿಸಿ, ಅವನು ಕೇಳದೇ ಉಳಿಸಿಕೊಂಡಿದ್ದ ಪ್ರಶ್ನೆಗೆ ಉತ್ತರವೆಂಬಂತೆ ಆಕೆ ಇಂಗ್ಲಿಷಿನಲ್ಲಿ ಇನ್ನೊಂದು ಮಾತು ಸೇರಿಸಿದ್ದರು: ಜನ ಗಮನಿಸಲಿ ಎಂದು ಕಾಯಬೇಡಿ. ಕೆಲಸ ಚೆನ್ನಾಗಿ ಆಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಏನೋ ಬದಲಾಗಿದೆ ಅನ್ನಿಸುತ್ತದೆ, ಏನೆಂದು ಹೊಳೆಯುವುದಿಲ್ಲ. 'ಯು ಲುಕ್ ವೆಲ್ ರೆಸ್ಟೆಡ್' ಅಂತಾರೆ, ಅಷ್ಟೇ. ಜೊತೆಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಸ್ನೇಹಿತ ವಿನ್ಸೆಂಟ್ ಆ ಮಾತಿಗೆ ನಕ್ಕಿದ್ದ.

ಅಡುಗೆಮನೆಗೆ ಬಂದಾಗ ಕೃಪಾ ಹೆಂಚಿನ ಮುಂದಿನಿಂದ ತಿರುಗಿ ಅವನನ್ನು ನೋಡಿದಳು. ಸೌಟಿನಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು. "ರೀ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಹಾಗೆ ಕಾಣ್ತಿದೀರ ಇವತ್ತು," ಅಂದಳು. ಅವನ ಎದೆ ಹಗುರಾಯಿತು. ಡಾಕ್ಟರ್ ಹೇಳಿದ್ದೇ ಮಾತು, ಅದೂ ಕನ್ನಡದಲ್ಲಿ, ಏನೂ ತಿಳಿಯದ ಹೆಂಡತಿಯ ಬಾಯಿಂದ. ಹಗುರಾದ ಎದೆಯ ಹಿಂದೆಯೇ ಅಪರಾಧದ ಚುಚ್ಚು ಬಂತು. ಅದಕ್ಕೆ ಸಮಾಧಾನ ಹೇಳುವುದನ್ನು ಅವನು ಇಷ್ಟು ದಿನದಲ್ಲಿ ಅಭ್ಯಾಸ ಮಾಡಿಕೊಂಡಿದ್ದ. ಅವಳಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೂಗಿನೊಳಗಿನ ನಡುಗೋಡೆ ಸೊಟ್ಟಗಿದ್ದದ್ದು ನಿಜ, ಮಲಗಿದಾಗ ಉಸಿರು ಕಟ್ಟುತ್ತಿದ್ದದ್ದು ನಿಜ. ಡಾಕ್ಟರು ಒಳಗಿನದನ್ನೂ ಹೊರಗಿನದನ್ನೂ ಒಂದೇ ಸಲ ಸರಿಮಾಡಿದ್ದರು. ಅವನು ಒಳಗಿನದನ್ನು ಮಾತ್ರ, ಸೈನಸ್ ಎಂಬ ಹೆಸರಿನಲ್ಲಿ, ಮನೆಯಲ್ಲೂ ಬ್ಯಾಂಕಿನಲ್ಲೂ ಹೇಳಿದ್ದ. "ಕೊಚ್ಚಿಯಲ್ಲಿ ಇಷ್ಟೊಂದು ಆಸ್ಪತ್ರೆ ಇರುವಾಗ ತಿರುವನಂತಪುರ ಯಾಕೆ?" ಎಂದು ಅವಳು ಒಂದೇ ಒಂದು ಸಲ ಕೇಳಿದ್ದಳು. ವಿನ್ಸೆಂಟ್‌ಗೆ ಗೊತ್ತಿರೋ ಡಾಕ್ಟರು, ಅಂದಿದ್ದ. ಹಾಗಾದ್ರೆ ನಾನೂ ಬರ್ತೀನಿ, ಅಂದಿದ್ದಳು. ಪುಟ್ಟಿಗೆ ಪರೀಕ್ಷೆ ಇದೆಯಲ್ಲ, ಅಂದಿದ್ದ. "ಹೌದಲ್ವಾ," ಅಂದಿದ್ದಳು. ಆ 'ಹೌದಲ್ವಾ' ಎಷ್ಟು ಸಲೀಸಾಗಿ ಬಂತೆಂದರೆ ಅವನು ಆ ಸಂಜೆಯೆಲ್ಲ ಸಿಳ್ಳೆ ಹಾಕಿಕೊಂಡು ತಿರುಗಿದ್ದ. ಊಟದ ಮೇಜಿನ ಆ ಕಡೆ ಒಂಬತ್ತು ವರ್ಷದ ಮಗಳು ಇಂಚರಾ ತಟ್ಟೆಯಲ್ಲೇ ಕಣ್ಣು ನೆಟ್ಟು ದೋಸೆ ಮುರಿಯುತ್ತಿದ್ದಳು. ಊರಲ್ಲಿ ಎಲ್ಲರೂ ಆಡುವಂತೆ ಅವಳದು ಅಪ್ಪನ ಅಚ್ಚು: ಅದೇ ಹಣೆ, ಅದೇ ಕಿವಿ, ಚಿಕ್ಕ ಮುಖದಲ್ಲಿ ಆಗಲೇ ತಲೆ ಎತ್ತಿದ್ದ ಅದೇ ಗೂನು. ಅವನು ತಿರುವನಂತಪುರದಿಂದ ವಾಪಸು ಬಂದಾಗಿನಿಂದ ಅವಳು ಅವನ ಮುಖವನ್ನು ನೇರವಾಗಿ ನೋಡಿರಲಿಲ್ಲ. ಊತ ನೋಡಿ ಹೆದರಿರಬೇಕು ಎಂದುಕೊಂಡಿದ್ದ.

ಮನೆಯಿಂದ ಪಾಲಾರಿವಟ್ಟಂನ ಬ್ಯಾಂಕಿಗೆ ನಡೆದೇ ಹೋಗಬಹುದಿತ್ತು. ಮೆಟ್ರೋ ಕಂಬಗಳ ನೆರಳಿನಲ್ಲಿ ನಡೆಯುತ್ತ ಅವನು ಎದುರಿಗೆ ಬರುವವರಿಗೆಲ್ಲ ತನ್ನ ಪಕ್ಕದ ನೋಟವನ್ನು ಕೊಡುತ್ತಿದ್ದ. ಹಿಂದೆಲ್ಲ ಅದನ್ನು ಮುಚ್ಚಿಡುವುದೇ ಅವನ ಕೆಲಸವಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ. ಗುಂಪು ಫೋಟೋದಲ್ಲಿ ಕೊನೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಸನದ ಶಾಲೆಯಲ್ಲಿ ಗಿಣಿ ಅನ್ನುತ್ತಿದ್ದರು. ಅದು ಮಕ್ಕಳ ಮಾತು, ನೆನಪಾದರೆ ಈಗ ನಗು ಬರುತ್ತಿತ್ತು. ನಗು ಬರದೆ ಇದ್ದದ್ದು ಇಲ್ಲಿಗೆ ವರ್ಗವಾಗಿ ಬಂದ ಮೊದಲ ತಿಂಗಳಲ್ಲಿ. ಕೌಂಟರಿನಲ್ಲಿ ಯಾರೋ ಯಾರಿಗೋ ಮಲಯಾಳಂನಲ್ಲಿ, 'ಅದನ್ನು ಮೂಕ್ಕನ್ ಸಾರಿಗೆ ಕೊಡಿ' ಅಂದದ್ದು ಕಿವಿಗೆ ಬಿತ್ತು. ಭಾಷೆ ಇನ್ನೂ ಬರುತ್ತಿರಲಿಲ್ಲ, ಹೆಚ್ಚು ಮಾತಾಡುತ್ತಿರಲಿಲ್ಲ. ಹಾಗಾಗಿ ತನಗೆ ಮೂಗ ಎಂದು ಹೆಸರಿಟ್ಟಿದ್ದಾರೆ, ಮಾತು ಬಾರದವನು ಎಂದು, ಅಂದುಕೊಂಡ. ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ತಿಂಗಳುಗಟ್ಟಲೆ ಆ ಹೆಸರನ್ನು ಒಳಗೊಳಗೇ ಮೆಚ್ಚಿಕೊಂಡೂ ಇದ್ದ: ಮಾತಿಲ್ಲದವನು, ಗಂಭೀರ ಮನುಷ್ಯ. ಒಂದು ದಿನ ಚಹಾ ಕುಡಿಯುವಾಗ ವಿನ್ಸೆಂಟ್‌ಗೆ ಇದನ್ನು ಹೇಳಿದಾಗ ಅವನು ನಗು ತಡೆಯಲಾರದೆ ಗ್ಲಾಸು ಕೆಳಗಿಟ್ಟ. "ಮೂಗ ಅಲ್ಲ ಮಾರಾಯ. ಮೂಕ್ಕು ಅಂದ್ರೆ ಮೂಗು. ಮೂಕ್ಕನ್ ಅಂದ್ರೆ ದೊಡ್ಡ ಮೂಗಿನವ." ಶ್ರೀಹರಿಯೂ ಜೊತೆಗೆ ನಕ್ಕಿದ್ದ. ಆದರೆ ಆಮೇಲೆ ಆ ತಿಂಗಳುಗಳನ್ನೆಲ್ಲ ಒಂದೊಂದಾಗಿ ತಿರುಗಿ ನೋಡಬೇಕಾಯಿತು. ತಾನು ಗಂಭೀರವಾಗಿ ತಲೆಯಾಡಿಸಿದಾಗಲೆಲ್ಲ ಅವರು ಏನು ನೋಡುತ್ತಿದ್ದರು ಎಂಬುದು ಆಗ ಗೊತ್ತಾಯಿತು.

ವಿನ್ಸೆಂಟ್ ಅದೇ ಶಾಖೆಯಲ್ಲಿ ಸಾಲದ ವಿಭಾಗದವನು, ಮಂಗಳೂರಿನ ಕಡೆಯವನು. ಕನ್ನಡ ಮಾತಾಡಲು ಇಡೀ ಶಾಖೆಯಲ್ಲಿ ಇದ್ದದ್ದು ಅವನೊಬ್ಬನೇ; ಹಾಗಾಗಿ ಶ್ರೀಹರಿಗೆ ಅವನು ಬರೀ ಸ್ನೇಹಿತನಾಗಿರಲಿಲ್ಲ, ಮಾತಾಡಲು ಇದ್ದ ಒಂದೇ ಒಂದು ಜಾಗವಾಗಿದ್ದ. ಆಪರೇಷನ್ನಿನ ವಿಷಯ ಬಾಯಿಬಿಟ್ಟದ್ದು ಅವನೆದುರು ಮಾತ್ರ. ಅವನು ನಗಲಿಲ್ಲ. ರಜೆ ಹಾಕಿ ಜೊತೆಗೆ ಬಂದ. ಇಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಇರುವವರನ್ನು ಬೈಸ್ಟ್ಯಾಂಡರ್ ಅನ್ನುತ್ತಾರೆ. ನರ್ಸು ಬಂದು 'ಶ್ರೀಹರಿಯ ಬೈಸ್ಟ್ಯಾಂಡರ್ ಯಾರು' ಎಂದು ಕೂಗಿದಾಗಲೆಲ್ಲ ವಿನ್ಸೆಂಟ್ ಶಾಲೆಯ ಹುಡುಗನ ಹಾಗೆ ಕೈಯೆತ್ತಿ ಎದ್ದು ನಿಲ್ಲುತ್ತಿದ್ದ. ಅರಿವಳಿಕೆ ಇಳಿದು ಕಣ್ಣು ತೆರೆದಾಗ ಮೊದಲು ಕಂಡದ್ದು ಅವನ ಮುಖ. ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತಿದ್ದು ಅವನು.

ಬ್ಯಾಂಕಿನ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದಾಗ ಕ್ಯಾಶ್ ಕೌಂಟರಿನ ಶಾಲಿನಿ ತಲೆಯೆತ್ತಿ ನಕ್ಕಳು. "ಗುಡ್ ಮಾರ್ನಿಂಗ್ ಸಾರ್. ಯು ಲುಕ್ ವೆಲ್ ರೆಸ್ಟೆಡ್." ಶ್ರೀಹರಿ ನಗಲು ಹೋದ, ಮೇಲ್ದುಟಿ ಅರ್ಧಕ್ಕೇ ನಿಂತಿತು. ಡಾಕ್ಟರ್ ಹೇಳಿದ್ದು ಎರಡನೆಯ ಸಲ ನಿಜವಾಯಿತು. ಮೇಜಿಗೆ ಹೋಗಿ ಕೂತು ಕಂಪ್ಯೂಟರ್ ಹಾಕುವಾಗ ಅವನಿಗೆ ಶಾಲಿನಿಯ ಮೇಲೆ, ಆ ಶಾಖೆಯ ಮೇಲೆ, ಇಡೀ ಕೇರಳದ ಮೇಲೆ ಒಂದು ಬಗೆಯ ಪ್ರೀತಿ ಉಕ್ಕಿತು. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ತಮ್ಮ ಕೋಣೆಯಿಂದ ಹೊರಬಂದು ಹೆಗಲು ತಟ್ಟಿ, "ಸೈನಸ್ ಎಲ್ಲ ಸರಿಯಾಯಿತೋ? ವೆಲ್ ರೆಸ್ಟೆಡ್, ವೆಲ್ ರೆಸ್ಟೆಡ್," ಅಂದರು. ಆ ಮಾತನ್ನು ಎರಡು ಸಲ ಹೇಳುವ ಅಗತ್ಯವಿರಲಿಲ್ಲ. ಹೇಳುವಾಗ ಅವರು ನೋಡಿದ್ದು ಅವನ ಅಂಗಿಯ ಜೇಬನ್ನು. ಅವನೊಳಗೆ ಏನೋ ಒಂದು ಚೂರು ಕದಲಿತು. ಆದರೂ ಅದನ್ನು ಹತ್ತಿಕ್ಕಿದ. ಜನ ಮಾತಾಡುವುದೇ ಹಾಗೆ, ರಜೆ ಮುಗಿಸಿ ಬಂದವನಿಗೆ ಬೇರೆ ಏನು ತಾನೇ ಹೇಳುತ್ತಾರೆ. ಮೊಬೈಲ್ ನೋಡುತ್ತ ಕೂತಿದ್ದ ವಿನ್ಸೆಂಟ್ ಈ ಕಡೆ ತಿರುಗಲಿಲ್ಲ. ಮಧ್ಯಾಹ್ನದ ಹತ್ತಿರ, ಬಾಗಿಲಲ್ಲಿ ಬಂದೂಕು ಹಿಡಿದು ಕೂರುವ ಮಾಜಿ ಸೈನಿಕ, ಆರು ವರ್ಷದಲ್ಲಿ ಸಲಾಮಿನ ಹೊರತು ಒಂದು ಮಾತೂ ಆಡದಿದ್ದವನು, ಅವನ ಮೇಜಿನ ಮುಂದೆ ಬಂದು ಸೆಟೆದು ನಿಂತ. ಪಾಠ ಒಪ್ಪಿಸುವವನ ಹಾಗೆ, "ಸಾರ್, ವೆರಿ ರೆಸ್ಟ್," ಅಂದು ವಾಪಸು ಹೋದ.

ಶ್ರೀಹರಿ ಕೀಬೋರ್ಡಿನ ಮೇಲಿಟ್ಟ ಬೆರಳನ್ನು ಎತ್ತಲಿಲ್ಲ. ಪರದೆಯ ಮೇಲೆ ಯಾರದೋ ಖಾತೆ ತೆರೆದುಕೊಂಡಿತ್ತು, ಅವನು ಅದನ್ನೇ ನೋಡುತ್ತಿದ್ದ, ಒಂದಕ್ಷರವೂ ಓದುತ್ತಿರಲಿಲ್ಲ. ಸುತ್ತಲಿನ ಸದ್ದುಗಳೆಲ್ಲ ಬೇರೆ ಬೇರೆಯಾಗಿ ಕೇಳಿಸತೊಡಗಿದವು. ನೋಟು ಎಣಿಸುವ ಯಂತ್ರ, ಫ್ಯಾನು, ಶಾಲಿನಿಯ ಬಳೆ. ಆಗ ಬಾಗಿಲು ತಳ್ಳಿಕೊಂಡು ಗ್ರೇಸಿ ಅಮ್ಮಚ್ಚಿ ಬಂದಳು. ಗಂಡನ ಪಿಂಚಣಿಗೆಂದು ಬರುವ ಮುದುಕಿ, ಕಿವಿ ಮಂದ, ಹಾಗಾಗಿ ಮಾತು ದೊಡ್ಡದು. ಯಾವ ಕೆಲಸಕ್ಕೆ ಬಂದರೂ ಮೊದಲು ಅವನ ಮೇಜಿಗೇ ಬರುತ್ತಿದ್ದಳು. ಬಂದು ಕುರ್ಚಿ ಎಳೆದು ಕೂತು, ಚೀಲ ಮಡಿಲಿಗಿಟ್ಟುಕೊಂಡು, ಅವನ ಮುಖ ನೋಡಿದಳು. ಎದ್ದು ನಿಂತು ಮತ್ತೆ ನೋಡಿದಳು.

"ಅಯ್ಯೋ ಸಾರೇ, ಮೂಕ್ಕಿನ್ ಎಂತು ಪಟ್ಟಿ?"

ಮೂಗಿಗೆ ಏನಾಯಿತು ಎಂಬ ಆ ಒಂದು ಪ್ರಶ್ನೆ ಶಾಖೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಹೋಯಿತು. ಕೀಬೋರ್ಡುಗಳು ನಿಂತವು. ಒಂದಲ್ಲ, ಎಲ್ಲವೂ. ಶಾಲಿನಿ ಕೌಂಟರ್ ಬಿಟ್ಟು ಓಡಿಬಂದು ಮುದುಕಿಯ ತೋಳು ಹಿಡಿದು, "ಅಮ್ಮಚ್ಚೀ, ಇತ್ತ ಬನ್ನಿ, ನಾನು ಮಾಡಿಕೊಡುತ್ತೇನೆ" ಎಂದು ಮಲಯಾಳಂನಲ್ಲಿ ಪಿಸುಗುಟ್ಟುತ್ತ ತನ್ನ ಕಡೆಗೆ ಎಳೆದಳು. ಮ್ಯಾನೇಜರ್ ಕೋಣೆಯ ಬಾಗಿಲಿಗೆ ಬಂದವರು ಶ್ರೀಹರಿಯ ಕಣ್ಣು ತಮ್ಮ ಮೇಲೆ ಬಿದ್ದ ಕೂಡಲೇ ಒಳಗೆ ಸರಿದರು. ಗ್ರೇಸಿ ಅಮ್ಮಚ್ಚಿ ಎಳೆದ ಕಡೆ ಹೋಗುತ್ತ ತಿರುತಿರುಗಿ ನೋಡಿದಳು. ಏನಾಗಿತ್ತು ಅದಕ್ಕೆ, ಚೆನ್ನಾಗಿತ್ತಲ್ಲ, ಅದನ್ನು ನೋಡಿಯೇ ಅಲ್ಲವೇ ನಾನು ಸಾರ್ ಎಲ್ಲಿದ್ದಾರೆ ಎಂದು ಹುಡುಕುತ್ತಿದ್ದದ್ದು, ಎಂದು ಅವಳು ಹೇಳುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನು ಕುರ್ಚಿಯಲ್ಲಿ ಕೂತಿರುತ್ತಿದ್ದನೇನೋ. ಇಡೀ ಶಾಖೆ ಒಟ್ಟಾಗಿ ಉಸಿರು ಹಿಡಿದು ತನ್ನನ್ನು ಕಾಪಾಡುತ್ತಿರುವುದನ್ನು ನೋಡಿ ಅವನು ಎದ್ದು ಹೊರಗೆ ಹೋದ.

ಮೆಟ್ರೋ ಕಂಬದ ಕೆಳಗಿನ ಚಹಾದಂಗಡಿಯವರೆಗೂ ವಿನ್ಸೆಂಟ್ ಅವನ ಹಿಂದೆಯೇ ಬಂದ, ಕೇಳದೆಯೇ ಎರಡು ಚಹಾ ಹೇಳಿದ.

"ಯಾರ್ಯಾರಿಗೆ ಹೇಳಿದೀಯ?" ಅಂದ ಶ್ರೀಹರಿ.

"ಕೂತ್ಕೊ ಮಾರಾಯ. ಚಾ ಕುಡಿ."

"ಯಾರ್ಯಾರಿಗೆ?"

"ಬ್ರಾಂಚಿನಲ್ಲಿ ಹೇಳಿದ್ದು ನಾನೇ. ಹೇಳದಿದ್ರೆ ಎಂತ ಆಗ್ತಿತ್ತು ಗೊತ್ತುಂಟಾ? ನೀನು ಒಳಗೆ ಬಂದ ಕೂಡ್ಲೇ ಮೂಕ್ಕನ್ ಸಾರಿನ ಮೂಕ್ಕು ಎಲ್ಲಿ ಹೋಯ್ತು ಅಂತ ನಗಾಡ್ತಿದ್ರು. ಅದಕ್ಕೇ ಮೊನ್ನೆ ಎಲ್ಲರನ್ನೂ ಸೇರಿಸಿ ಹೇಳಿದೆ, ಯಾರೂ ಮೂಗಿನ ಸುದ್ದಿ ಎತ್ಬಾರ್ದು, ಪಾಪ ಅವ ತುಂಬ ನೊಂದಿದ್ದಾನೆ ಅಂತ."

"ವೆಲ್ ರೆಸ್ಟೆಡ್?"

ವಿನ್ಸೆಂಟ್ ಕತ್ತು ತುರಿಸಿಕೊಂಡ. "ಎಂತದೂ ಹೇಳದಿದ್ರೆ ಅವರಿಗೆ ಬೇಜಾರಾಗುದಿಲ್ವಾ ಅಂತ ಶಾಲಿನಿ ಕೇಳಿದ್ಳು. ಡಾಕ್ಟ್ರು ಹೇಳಿದ್ದು ನೆನಪಾಯ್ತು. ಒಬ್ಬೊಬ್ರೂ ಅದನ್ನೇ ಹೇಳ್ತಾರೆ ಅಂತ ನಂಗೇನು ಗೊತ್ತು."

ಚಹಾ ಬಂತು. ಶ್ರೀಹರಿ ಗ್ಲಾಸನ್ನು ಹಿಡಿದ, ಬಿಸಿ ಕೈಗೆ ತಟ್ಟಿತು, ಪರಿಮಳ ಬರಲಿಲ್ಲ. ಬೆಳಿಗ್ಗೆ ಹೆಂಚಿನ ಮುಂದಿನಿಂದ ತಿರುಗಿದ ಮುಖ ಆಗ ಅವನ ಕಣ್ಣಿಗೆ ಬಂತು, ಸೌಟಿನಿಂದ ತೊಟ್ಟಿಕ್ಕುತ್ತಿದ್ದ ಹಿಟ್ಟಿನ ಸಮೇತ. ಕೇಳಬಾರದು ಎಂದುಕೊಂಡ. ಕೇಳಿದ.

"ಕೃಪಾಗೆ?"

"ಅವರಿಗೆ ಮೊದ್ಲೇ ಗೊತ್ತುಂಟು," ಅಂದ ವಿನ್ಸೆಂಟ್, ತಗ್ಗಿದ ದನಿಯಲ್ಲಿ. "ನೀನು ನನ್ನ ಹತ್ರ ಹೇಳಿದ ದಿವಸವೇ ಫೋನ್ ಮಾಡಿದೆ. ಆಪರೇಷನ್ ಅಲ್ವಾ? ಪ್ರಜ್ಞೆ ತಪ್ಪಿಸಿ ಮಲಗಿಸ್ತಾರೆ. ಎಂತಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಹೆಂಡತಿಗೆ ನಾನು ಎಂತ ಹೇಳುದು?"

"ಅವಳಿಗೆ ಹೇಳಲ್ಲ ಅಂತ ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಹೌದು." ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಇನ್ನೊಂದು ಸಲ ಅದೇ ಸಂದರ್ಭ ಬಂದರೂ ಅದನ್ನೇ ಮಾಡುವವನ ಮುಖ ಅದು.

ಆ ಮಾತು ಕೊಟ್ಟದ್ದು ತಿರುವನಂತಪುರದ ಹತ್ತಿರದ ಕಡಲತೀರ ವಿಳಿಂಜಂನಲ್ಲಿ. ಮೂಗಿನ ಮೇಲಿನ ಪಟ್ಟಿ ತೆಗೆದ ಸಂಜೆ, ಲಾಡ್ಜಿನ ಕೋಣೆಯಲ್ಲಿ ಕೂತು ಕೂತು ಬೇಸತ್ತಿದ್ದವನನ್ನು ವಿನ್ಸೆಂಟ್ ಆಟೋದಲ್ಲಿ ಕರೆದುಕೊಂಡು ಹೋಗಿದ್ದ. ದೋಣಿಗಳು ಬಂದು ನಿಂತಿದ್ದವು, ಬುಟ್ಟಿಬುಟ್ಟಿ ಮೀನು ಸುರಿಯುತ್ತಿದ್ದರು, ಹೆಂಗಸರು ಕೂಗಿ ಬೆಲೆ ಹೇಳುತ್ತಿದ್ದರು. ದೂರದಲ್ಲಿ ಹೊಸ ಬಂದರಿನ ಕ್ರೇನುಗಳು ಆಕಾಶಕ್ಕೆ ಕತ್ತೆತ್ತಿ ನಿಂತಿದ್ದವು. ಶ್ರೀಹರಿಗೆ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು, ವಾಸನೆ ಮಾತ್ರ ಒಂದಿಷ್ಟೂ ಇರಲಿಲ್ಲ. "ಇಲ್ಲಿ ನಿಂತು ಮೀನಿನ ವಾಸನೆ ಬಾರದವ ಇಡೀ ವಿಳಿಂಜಂನಲ್ಲಿ ನೀನೊಬ್ಬನೇ ಮಾರಾಯ," ಎಂದು ವಿನ್ಸೆಂಟ್ ನಗಾಡಿದ್ದ. ಆ ನಗೆಯ ಸಲಿಗೆಯಲ್ಲೇ ಶ್ರೀಹರಿ ಕೇಳಿದ್ದು: ಕೃಪಾಗೆ ಯಾವತ್ತೂ ಗೊತ್ತಾಗಬಾರದು ಕಣೋ, ಗೊತ್ತಾದರೆ ನಾನು ಅವಳೆದುರು ತಲೆಯೆತ್ತಲಾರೆ. ವಿನ್ಸೆಂಟ್ ಕ್ರೇನುಗಳನ್ನು ನೋಡುತ್ತ, ಆಯ್ತು, ಅಂದಿದ್ದ. ಆಗಲೇ ಅವನ ಮೊಬೈಲ್ ಅದುರಿತು. 'ಮನೆಯವಳು' ಎಂದು ಹೇಳಿ ದೋಣಿಗಳ ಆಚೆಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದಿದ್ದ. ಬಂದವನು, ರಾತ್ರಿ ಗಂಜಿ ಕುಡಿ, ಸಪ್ಪೆ ಇರಲಿ, ಉಪ್ಪು ಹೆಚ್ಚಾದರೆ ಊತ ಇಳಿಯುದಿಲ್ಲ, ಅಂದಿದ್ದ. ಇಷ್ಟು ಕಾಳಜಿ ಯಾವ ಸ್ನೇಹಿತ ಮಾಡುತ್ತಾನೆ ಎಂದು ಶ್ರೀಹರಿಗೆ ಆಗ ಕಣ್ಣು ತುಂಬಿತ್ತು.

ಅವನು ಬ್ಯಾಂಕಿಗೆ ವಾಪಸು ಹೋಗಿ ಸಂಜೆಯವರೆಗೆ ಕೆಲಸ ಮಾಡಿದ. ಯಾರೂ ಅವನ ಕಡೆ ನೋಡಲಿಲ್ಲ, ನೋಡದಿರುವುದನ್ನೂ ಅಷ್ಟು ಜೋಪಾನವಾಗಿ ಮಾಡಿದರು.

ಮನೆಯ ಬಾಗಿಲು ತೆಗೆದ ಕೃಪಾ ಏನೂ ಕೇಳದೆ ಅವನ ಕೈಯಿಂದ ಚೀಲ ತೆಗೆದುಕೊಂಡಳು. ಇಂಚರಾ ಕೋಣೆಯಲ್ಲಿ ಓದುತ್ತಿದ್ದಳು.

"ವಿನ್ಸೆಂಟ್ ಎಲ್ಲ ಹೇಳಿದ," ಅಂದ.

"ಹ್ಞೂಂ. ಆಗಲೇ ಫೋನ್ ಮಾಡಿದ್ರು."

ಇದನ್ನಾದರೂ ತಾನೇ ಮೊದಲು ಹೇಳುತ್ತೇನೆ ಎಂದು ಅವನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಆ ಮಾತುಗಳು ಈಗ ಕೆಲಸಕ್ಕೆ ಬರಲಿಲ್ಲ. "ಇಷ್ಟು ದಿನ ನನ್ನೆದುರು ನಾಟಕ ಆಡಿದೆ ಹಾಗಾದ್ರೆ," ಅಂದ.

"ನೀವು ಆಡಿದ್ದೇನು?" ಅವಳ ದನಿ ಏರಲಿಲ್ಲ. ಚೀಲವನ್ನು ಕುರ್ಚಿಯ ಮೇಲಿಟ್ಟು, ಬೀಳದ ಹಾಗೆ ಸರಿಮಾಡಿದಳು. "ಸೈನಸ್ ಅಂದ್ರಿ. ನಾನೂ ಸೈನಸ್ ಅಂತಲೇ ಇದ್ದೆ. ನಿಮಗೆ ಹೇಳೋಕೆ ಮನಸ್ಸಿಲ್ಲ ಅಂದ್ಮೇಲೆ ಬಲವಂತವಾಗಿ ಬಾಯಿ ಬಿಡಿಸಲಾ? ಆಪರೇಷನ್ ದಿನ ಮೂರು ಸಲ ಫೋನ್ ಮಾಡಿ ವಿನ್ಸೆಂಟ್ ಹತ್ರ ಬೈಸ್ಕೊಂಡೆ. ಇಲ್ಲಿ ನೆಲ ಒರೆಸಿದ್ದೇ ಒರೆಸಿದ್ದು." ಅವನತ್ತ ತಿರುಗಿ ಕೇಳಿದಳು, "ಮದುವೆಯಾದಾಗಿನಿಂದ ನಿಮ್ಮ ಮೂಗಿನ ಬಗ್ಗೆ ನಾನು ಒಂದು ಮಾತು ಆಡಿದೀನಾ? ಒಂದೇ ಒಂದು?"

"ಇಲ್ಲ."

"ಮತ್ತೆ ಯಾಕೆ ನನ್ನಿಂದ ಮುಚ್ಚಿಟ್ರಿ?"

ಅವಳು ಹೇಳಿದ್ದರಲ್ಲೇ ಅವನು ಸಿಕ್ಕಿಕೊಂಡಿದ್ದ. ನಿಜ, ಒಂದು ಮಾತೂ ಆಡಿರಲಿಲ್ಲ. ಅವನ ಅಕ್ಷರ ಚೆಂದ ಅಂದಿದ್ದಳು. ದನಿ ಚೆಂದ ಅಂದಿದ್ದಳು, ಅಂಗೈ ಮೆತ್ತಗಿದೆ ಎಂದು ಹಿಡಿದುಕೊಂಡು ಕೂರುತ್ತಿದ್ದಳು. ಹೊಸದರಲ್ಲಿ ಅವನ ಹುಬ್ಬನ್ನು ಬೆರಳಿನಿಂದ ಸವರುತ್ತ ಬಂದು, ನಡುವಿಗೆ ಬಂದಾಗ ಬೆರಳೆತ್ತಿ, ಕೆನ್ನೆಯ ಮೇಲೆ ಇಳಿಸಿದ್ದಳು. ದಾರಿಯಲ್ಲಿ ಬಿದ್ದ ಕಲ್ಲನ್ನು ಬಳಸಿಕೊಂಡು ಹೋಗುವ ಹಾಗೆ. ಅದನ್ನು ಅವನು ಪ್ರೀತಿಯೆಂದು ಎಣಿಸಿದ್ದ. ಈಗಲೂ ಪ್ರೀತಿಯಲ್ಲವೆ ಅದು? ಇವತ್ತು ಶಾಖೆಯವರೆಲ್ಲ ಸೇರಿ ಒಂದು ಬೆಳಗಿನ ಮಟ್ಟಿಗೆ ಮಾಡಿದ್ದನ್ನು ಇವಳೊಬ್ಬಳೇ, ಯಾರೂ ಹೇಳಿಕೊಡದೆ, ಮದುವೆಯ ದಿನದಿಂದ ಮಾಡಿಕೊಂಡು ಬಂದಿದ್ದಾಳೆ. ನಿನ್ನ ಕಣ್ಣಿಗೆ ಅದು ಹೇಗೆ ಕಾಣುತ್ತಿತ್ತು ಎಂದು ಕೇಳಬಹುದಿತ್ತು. ಅವಳು ಹೇಳುತ್ತಿದ್ದಳು ಕೂಡ. ಆದರೆ ಅವಳು ಏನೇ ಹೇಳಿದರೂ ಅದು ಅವನಿಗೆ ನೋವಾಗದಂತೆ ಆರಿಸಿ ತೆಗೆದ ಮಾತಾಗಿರುತ್ತದೆ, ಇನ್ನು ಮುಂದೆ ಎಲ್ಲ ಮಾತೂ ಹಾಗೆಯೇ, ಹಿಂದಿನವೂ ಹಾಗೆಯೇ ಇದ್ದಿರಬಹುದು. ಅವನು ಕೇಳಲಿಲ್ಲ. ಕೃಪಾ "ಕಾಫಿ ಇಡ್ತೀನಿ," ಎಂದು ಒಳಗೆ ಹೋದಳು.

ಅವನು ಮಗಳ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತ. ಇಂಚರಾ ಪೆನ್ಸಿಲ್ ಕೆಳಗಿಟ್ಟು, ಇಷ್ಟು ದಿನದಲ್ಲಿ ಮೊದಲ ಸಲ, ಅವನ ಮುಖವನ್ನು ನೆಟ್ಟಗೆ ನೋಡಿದಳು. ತಾಯಿಯ ಹಾಗೆ ಬಳಸಿಕೊಂಡು ಹೋಗದೆ, ಅಲ್ಲಿಯೇ ನೋಡಿದಳು. ಇಬ್ಬರ ಮಾತನ್ನೂ ಕೇಳಿಸಿಕೊಂಡಿದ್ದಳು ಎಂಬುದು ಅವಳ ಕಣ್ಣಲ್ಲೇ ಇತ್ತು.

"ವೇದನೆಯುಂಡೋ ಅಪ್ಪ?" ಎಂದು ಮಲಯಾಳಂನಲ್ಲೇ ಕೇಳಿದಳು.

"ಇಲ್ಲ ಪುಟ್ಟಿ. ಮುಟ್ಟಿದರೂ ಗೊತ್ತಾಗಲ್ಲ."

"ಕ್ಯಾನ್ ಐ ಟಚ್?"

ಅವನು ಬಗ್ಗಿದ. ಅವಳು ಪೆನ್ಸಿಲ್ ಕಪ್ಪು ಹತ್ತಿದ ತೋರುಬೆರಳನ್ನು ಮೂಗಿನ ತುದಿಗೆ ಇಟ್ಟಳು. ಇಟ್ಟದ್ದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಬೆರಳು ಮೆಲ್ಲಗೆ ಮೇಲಕ್ಕೆ ಹತ್ತಿ ಹುಬ್ಬಿನವರೆಗೂ ಅಡ್ಡಿಯಿಲ್ಲದೆ ಹೋಯಿತು. ಆಮೇಲೆ ಅದೇ ಬೆರಳನ್ನು ತನ್ನ ಮೂಗಿನ ಮೇಲೆ ಇಟ್ಟು ಮೇಲಕ್ಕೆ ಎಳೆದುಕೊಂಡಳು. ನಡುವಿನಲ್ಲಿ ಬೆರಳು ನಿಂತಿತು.

"ಎನಿಕ್ಕುಂ ಚೆಯ್ಯಣೋ?" ಅಂದಳು. ಅವನು ಸುಮ್ಮನಿದ್ದದ್ದನ್ನು ನೋಡಿ, ಭಾಷೆ ತಿಳಿಯಲಿಲ್ಲವೆಂದುಕೊಂಡಳೇನೋ, ಅಪರೂಪಕ್ಕೆ ಮಾತ್ರ ಆಡುವ ಕನ್ನಡದಲ್ಲಿ ಒಂದೊಂದೇ ಪದ ಹುಡುಕಿ ಮತ್ತೆ ಕೇಳಿದಳು, "ನಾನೂ ಮಾಡಿಸ್ಕೋಬೇಕಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೇಳಬೇಕಾದ ಮಾತು ಅವನ ಬಾಯಲ್ಲಿ ಆಗಲೇ ಸಿದ್ಧವಾಗಿತ್ತು. ಅದು ಎಷ್ಟು ಬೇಗ ಸಿದ್ಧವಾಯಿತೆಂಬುದನ್ನು ಕಂಡು ಅವನಿಗೆ ಭಯವಾಯಿತು. ಬೇರೆ ಮಾತು ಹುಡುಕಿದ. ಸಿಗಲಿಲ್ಲ.

"ನಿನ್ನ ಮೂಗಿಗೆ ಏನಾಗಿದೆ ಪುಟ್ಟಿ? ಎಷ್ಟು ಚೆನ್ನಾಗಿದೆ," ಅಂದ. ನಗಲು ಹೋದ, ಮೇಲ್ದುಟಿ ಏಳಲಿಲ್ಲ.

ಇಂಚರಾ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. "ಓಕೆ ಅಪ್ಪ," ಅಂದಳು, ಅವನಿಗೆ ಬೇಸರವಾಗದ ಹಾಗೆ, ಮೆತ್ತಗೆ, ಮತ್ತು ಪೆನ್ಸಿಲ್ ಎತ್ತಿಕೊಂಡು ಪುಸ್ತಕದ ಕಡೆ ತಿರುಗಿದಳು.